ಹೆಸರಿನ ನಡುವಣ ಹೆಸರು: ಶರಣೆಯರ ನಾಮಪರಂಪರೆಯ ಬೆಳಕಿನಲ್ಲಿ

ಹೆಣ್ಣುಮಗು ಹುಟ್ಟಿದ ಮನೆಯಲ್ಲಿ ಮೊದಲ ಹೆಸರು ಹುಡುಕುವುದು ಅಷ್ಟು ಕಷ್ಟದ ಮಾತಲ್ಲ. ಮನೆದೇವರ ಹೆಸರಿರುತ್ತದೆ, ತೀರಿಹೋದ ಅಜ್ಜಿಯ ಹೆಸರಿರುತ್ತದೆ, ಗುರುಗಳು ಅನುಗ್ರಹಿಸಿದ ಹೆಸರಿರುತ್ತದೆ. ಇವುಗಳಲ್ಲಿ ಒಂದನ್ನು ತೊಟ್ಟಿಲಿನ ಶಿಶುವಿನ ಕಿವಿಯಲ್ಲಿ ಸೋದರತ್ತೆ ಉಸುರಿದೊಡನೆ ನಾಮಕರಣವು ಸಂಪನ್ನವಾಗುತ್ತದೆ. ತೊಡಕು ತಲೆದೋರುವುದು ಅನಂತರ. ಜನನದ ದಾಖಲೆಯಲ್ಲಿ, ಮುಂದೆ ಶಾಲೆಯ ಹಾಜರಿಪುಸ್ತಕದಲ್ಲಿ, ಆ ಒಂದು ಹೆಸರು ಸಾಲದಾಗುತ್ತದೆ. ಅದರ ಬೆನ್ನಿಗೆ ಇನ್ನೊಂದು ಪದ ಬೇಕು. ಆ ಎರಡನೆಯ ಪದ ಯಾವುದಾಗಿರಬೇಕು, ಮೊದಲ ಹೆಸರಿಗೆ ಅದು ಹೇಗೆ ಒಪ್ಪಬೇಕು ಎಂಬುದು ಮೇಲುನೋಟಕ್ಕೆ ಕಿವಿಗೆ ಇಂಪಾಗುವ ಮಾತಷ್ಟೇ ಎಂದು ತೋರುತ್ತದೆ. ಆದರೆ ಕನ್ನಡ ನಾಡಿನ ಸ್ತ್ರೀನಾಮಗಳ ಇತಿಹಾಸವನ್ನು ಪರಿಶೀಲಿಸಿದರೆ, ಈ ನಡುವಣ ಪದವು ಆ ಮಗು ಯಾರಿಗೆ ಸೇರಿದವಳು, ಲೋಕವು ಅವಳನ್ನು ಯಾರ ಮೂಲಕ ಗುರುತಿಸಬೇಕು ಎಂಬ ಗುರುತರವಾದ ಪ್ರಶ್ನೆಗೆ ಕೊಡುವ ಉತ್ತರವೆಂಬುದು ವಿದಿತವಾಗುತ್ತದೆ.

ಇಂದು ರೂಢಿಯಲ್ಲಿರುವ ಪದ್ಧತಿಗಳು ಮುಖ್ಯವಾಗಿ ಎರಡು. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದ ಬೆಳಗಾವಿ, ವಿಜಯಪುರ, ಧಾರವಾಡ ಪ್ರಾಂತಗಳಲ್ಲಿ ಹೆಸರಿಗೆ ಮೂರು ಅಂಗಗಳುಂಟು: ಮೊದಲು ಸ್ವಂತ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಮನೆತನದ ಅಡ್ಡಹೆಸರು. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಸ್ವಂತ ಹೆಸರಿನ ಹಿಂದೆ ನಿಲ್ಲುತ್ತವೆ. ಮೊದಲನೆಯ ಪದ್ಧತಿಯಲ್ಲಿ ಹುಡುಗಿಯ ವಿವಾಹವಾದೊಡನೆ ನಡುವಣ ತಂದೆಯ ಹೆಸರು ಹೋಗಿ ಪತಿಯ ಹೆಸರು ಬರುತ್ತದೆ, ಅಡ್ಡಹೆಸರೂ ಬದಲಾಗುತ್ತದೆ. ಹೊಲಮನೆಗಳ ಕಾಗದಪತ್ರಗಳಲ್ಲಿ ಗಂಡಸಿನ ಹೆಸರಿನ ಮುಂದೆ 'ಬಿನ್' ಎಂದು ಬರೆದು ತಂದೆಯ ಹೆಸರನ್ನೂ, ಹೆಂಗಸಿನ ಹೆಸರಿನ ಮುಂದೆ 'ಕೋಂ' ಎಂದು ಬರೆದು ಗಂಡನ ಹೆಸರನ್ನೂ ಸೇರಿಸುವ ವಾಡಿಕೆಯನ್ನು ಹಳ್ಳಿಗರೆಲ್ಲರೂ ಬಲ್ಲರು. ಗಂಡಿನ ನಡುಹೆಸರು ಹುಟ್ಟಿನಿಂದ ಕೊನೆಯವರೆಗೆ ಒಂದೇ. ಹೆಣ್ಣಿನದು ಬಾಳಿನ ನಡುದಾರಿಯಲ್ಲಿ ಮಾರ್ಪಡತಕ್ಕದ್ದು. ಆದ್ದರಿಂದ ಹೆಣ್ಣುಮಗುವಿಗೆ ಕಡೆಯತನಕ ತನ್ನದಾಗಿ ಉಳಿಯುವುದು ತೊಟ್ಟಿಲ ಹೆಸರೊಂದೇ. ಅದಕ್ಕೆ ಜೊತೆಯಾಗಿ ಬರುವ ಪದವನ್ನು ಆಯುವಾಗ ವಿವೇಕ ಬೇಕೆಂಬುದಕ್ಕೆ ಇದೇ ಮೊದಲ ಕಾರಣ.

ಈ ಪದ್ಧತಿ ಅನಾದಿಯೆಂದು ಭಾವಿಸುವವರುಂಟು. ಪ್ರಾಚೀನ ಶಾಸನಗಳು ಬೇರೊಂದು ಚಿತ್ರವನ್ನು ಮುಂದಿಡುತ್ತವೆ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ದಕ್ಷಿಣಾಪಥವನ್ನಾಳಿದ ಶಾತವಾಹನ ಅರಸರು ತಮ್ಮ ಹೆಸರಿನೊಡನೆ ತಾಯಿಯ ಹೆಸರನ್ನು ಧರಿಸಿದರು. ಗೌತಮೀಪುತ್ರ ಶಾತಕರ್ಣಿ, ವಾಸಿಷ್ಠೀಪುತ್ರ ಪುಳುಮಾವಿ ಎಂಬ ಹೆಸರುಗಳು ಪ್ರಸಿದ್ಧವಾಗಿವೆ. ಬನವಾಸಿಯಲ್ಲಿ ದೊರೆತಿರುವ, ರಾಣಿಯೊಬ್ಬಳ ನೆನಪಿನ ಕಲ್ಲಿನಲ್ಲಿಯೂ ಅರಸನು ವಾಸಿಷ್ಠೀಪುತ್ರನೆಂದೇ ಉಕ್ತನಾಗಿದ್ದಾನೆ. ಅವರ ತರುವಾಯ ಬನವಾಸಿಯನ್ನಾಳಿದ ಚುಟುಕುಲದ ಅರಸನು ಹಾರೀತೀಪುತ್ರನೆನಿಸಿದನು. ಕದಂಬರೂ ಬಾದಾಮಿಯ ಚಾಲುಕ್ಯರೂ 'ಮಾನವ್ಯಸಗೋತ್ರ', 'ಹಾರೀತೀಪುತ್ರ' ಎಂಬ ವಿಶೇಷಣಗಳನ್ನು ತಮ್ಮ ಶಾಸನಗಳಲ್ಲಿ ಅಭಿಮಾನದಿಂದ ಕೆತ್ತಿಸಿದರು. ಹೆಸರಿನ ಜೊತೆಗೆ ತಾಯಿಯನ್ನು ನಿಲ್ಲಿಸುವುದು ಈ ನೆಲಕ್ಕೆ ಹೊಸದಲ್ಲವೆಂಬುದು ಇದರಿಂದ ಸ್ಪಷ್ಟ.

ಆದರೆ ಇಲ್ಲಿಯೂ ಒಂದು ಸೂಕ್ಷ್ಮವಿದೆ. ಗೌತಮಿ, ವಾಸಿಷ್ಠಿ ಎಂಬಿವು ಆ ತಾಯಂದಿರ ಸ್ವಂತ ಹೆಸರುಗಳಲ್ಲ. ಗೋತ್ರದಿಂದ ಬಂದ ಹೆಸರುಗಳು. ಗೌತಮಿಯ ಸ್ವಂತ ಹೆಸರು ಬಾಲಶ್ರೀ ಎಂಬುದು ನಾಸಿಕದ ಗುಹಾಶಾಸನದಿಂದ ತಿಳಿದುಬರುತ್ತದೆ. ಮೊಮ್ಮಗನ ಆಳ್ವಿಕೆಯಲ್ಲಿ ಆಕೆಯೇ ದಾನವಿತ್ತು ಶಾಸನವನ್ನು ಬರೆಯಿಸಿದ್ದರಿಂದ ಆ ಹೆಸರು ಉಳಿಯಿತು. ಮಗನ ಬಿರುದಿನಲ್ಲಿ ತಾಯಿಯ ಗೋತ್ರ ಉಳಿದೀತು. ತಾಯಿಯ ಹೆಸರು ಉಳಿಯಬೇಕಾದರೆ ಆಕೆಯೇ ನುಡಿಯಬೇಕಾಯಿತು. ಸಾವಿರ ವರ್ಷಗಳ ಅನಂತರ ಕಲ್ಯಾಣದ ಶರಣೆಯರ ವಿಷಯದಲ್ಲಿಯೂ ಇದೇ ಸತ್ಯವು ಬೇರೊಂದು ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಹಳಗನ್ನಡದ ಕಾಲಕ್ಕೆ ಬಂದರೆ, ಸ್ತ್ರೀಯರ ಹೆಸರಿಗೆ ಸೇರುವ ಎರಡನೆಯ ಪದವು ಬಹುತೇಕ ಗೌರವವಾಚಕ. ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆ, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿ 1007ರ ಶಾಸನದಲ್ಲಿ ಕೀರ್ತಿತಳಾದ ಅತ್ತಿಮಬ್ಬೆ, ಹೊಯ್ಸಳ ರಾಣಿ ಶಾಂತಲದೇವಿಯ ತಾಯಿ ಮಾಚಿಕಬ್ಬೆ ಇವರೆಲ್ಲರ ಹೆಸರಿನ ಉತ್ತರಾರ್ಧದಲ್ಲಿರುವುದು ತಾಯಿ ಎಂಬರ್ಥದ 'ಅಬ್ಬೆ' ಎಂಬ ಪದ. ಅರಮನೆಯ ಹೆಣ್ಣುಮಕ್ಕಳಿಗೆ 'ಅರಸಿ', 'ದೇವಿ' ಎಂಬಿವು ಸೇರುತ್ತಿದ್ದವು. ಶಾಂತಲದೇವಿ, ಕೇತಲದೇವಿ, ಚಂದಲದೇವಿ, ಮೈಲಲದೇವಿ ಎಂಬ ಹೆಸರುಗಳನ್ನು ಒಟ್ಟಿಗೆ ಓದಿದರೆ ಮೊದಲ ಹೆಸರಿಗೂ 'ದೇವಿ'ಗೂ ನಡುವೆ ಲಕಾರವೊಂದು ಬೆಸುಗೆಯಂತೆ ನಿಂತಿರುವುದು ಕಿವಿಗೆ ಬೀಳುತ್ತದೆ.

ಪದಗಳು ಪರಸ್ಪರ ಒಪ್ಪುವ ಬಗೆಯನ್ನು ತಿಳಿಯಲು ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಹೆಸರುಗಳೇ ಉತ್ತಮ ಪಾಠ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ನಿರೂಪಿಸಿದ ಸಂಧಿಕಾರ್ಯಗಳನ್ನು ಹೆತ್ತವರೂ ಅಜ್ಜಿಯರೂ ಶಾಸ್ತ್ರದ ಅರಿವಿಲ್ಲದೆಯೇ ಆಚರಿಸಿದ್ದಾರೆ. ಜಕ್ಕಿ ಎಂಬುದಕ್ಕೆ ಅಬ್ಬೆ ಸೇರುವಾಗ ಯಕಾರವು ಆಗಮವಾಗಿ ಜಕ್ಕಿಯಬ್ಬೆಯಾಯಿತು. ಮಹಾದೇವಿಗೆ ಅಕ್ಕ ಸೇರಿ ಮಹಾದೇವಿಯಕ್ಕ ಆದದ್ದೂ ಹಾಗೆಯೇ. ಲಕ್ಕ, ಕಾಳ, ಸತ್ಯ ಎಂಬ ಅಕಾರಾಂತ ಪದಗಳಿಗೆ ಅಮ್ಮ, ಅವ್ವೆ, ಅಕ್ಕ ಎಂಬಿವು ಸೇರುವಾಗ ಒಂದು ಸ್ವರವು ಲೋಪವಾಗಿ ಲಕ್ಕಮ್ಮ, ಕಾಳವ್ವೆ, ಸತ್ಯಕ್ಕ ಎಂಬ ರೂಪಗಳು ಸಿದ್ಧಿಸಿದವು. ಗಂಗಾ ಎಂಬುದಕ್ಕೆ ಅಂಬಿಕೆ ಸೇರಿದಾಗ ಸಂಸ್ಕೃತದ ಸವರ್ಣದೀರ್ಘ ಸಂಧಿಯಂತೆ ಗಂಗಾಂಬಿಕೆಯಾಯಿತು. ಒಬ್ಬರೇ ಶರಣೆ ಆಡುನುಡಿಯಲ್ಲಿ ನಾಗಮ್ಮ, ಗ್ರಂಥಭಾಷೆಯಲ್ಲಿ ನಾಗಲಾಂಬಿಕೆ. ಒಬ್ಬರೇ ನೀಲಮ್ಮ ಮತ್ತು ನೀಲಾಂಬಿಕೆ. ಎರಡನೆಯ ಪದವು ಮೊದಲಿನದರ ಸ್ವರವನ್ನು ಆಲಿಸಿ ತನ್ನನ್ನು ಹೊಂದಿಸಿಕೊಂಡಿತೇ ಹೊರತು, ಮೊದಲ ಹೆಸರನ್ನು ಒಡೆದು ತಾನು ಬೆಳೆಯಲಿಲ್ಲ. ಒಪ್ಪುವ ಹೆಸರಿನ ಬಾಹ್ಯಲಕ್ಷಣ ಇದೇ.

ಹನ್ನೆರಡನೆಯ ಶತಮಾನದ ಶರಣಚಳವಳಿಯು ಈ ಎರಡನೆಯ ಪದಕ್ಕೆ ಹೊಸ ಅರ್ಥವನ್ನು ತುಂಬಿತು. 'ಅರಸಿ' ಎಂಬುದು ಅರಮನೆಯ ಪದ. 'ಅವ್ವೆ', 'ಅಕ್ಕ', 'ಅಮ್ಮ' ಎಂಬಿವು ಮನೆಮನೆಯ ಪದಗಳು. ಶರಣರ ಸಮೂಹವು ಈ ಬಾಂಧವ್ಯವಾಚಕಗಳನ್ನು ಕುಲವನ್ನಾಗಲಿ ಸ್ಥಾನವನ್ನಾಗಲಿ ಕೇಳದೆ ಎಲ್ಲ ಹೆಣ್ಣುಮಕ್ಕಳ ಹೆಸರಿಗೂ ಸೇರಿಸಿತು. ಮಂತ್ರಿಯ ಮನೆಯ ನೀಲಮ್ಮನಿಗೆ ಸಂದ 'ಅಮ್ಮ' ಎಂಬ ಪದವು ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವವನ ಮಡದಿ ಲಕ್ಕಮ್ಮನಿಗೂ ಸಂದಿತು. ವೇಶ್ಯಾವೃತ್ತಿಯಿಂದ ಬಂದ ಸಂಕವ್ವೆಗೂ 'ಅವ್ವೆ' ಎಂಬ ಗೌರವ ದೊರೆಯಿತು. ಆಕೆಯ ಹೆಸರಿನ ಹಿಂದೆ ಲೋಕವು ಅಂಟಿಸಿದ್ದ ವೃತ್ತಿಯ ಪದ ಹಾಗೆಯೇ ಉಳಿದಿದೆ; ಹೆಸರಿನ ಮುಂದೆ ಶರಣರು ಸೇರಿಸಿದ ತಾಯಿಯ ಪದವೂ ಉಳಿದಿದೆ. ಇವೆರಡರ ನಡುವೆ ನಿಂತ 'ಸಂಕ' ಎಂಬ ಎರಡಕ್ಷರದ ಹೆಸರನ್ನು ಓದುವಾಗ ಆ ಕಾಲದ ಸಾಮಾಜಿಕ ಪರಿವರ್ತನೆಯ ಆಳವು ಮನಸ್ಸಿಗೆ ತಟ್ಟುತ್ತದೆ.

ಇದರೊಡನೆ ಕಾಯಕವೂ ಹೆಸರಿನ ಅಂಗವಾಯಿತು. ಆಯ್ದಕ್ಕಿ ಲಕ್ಕಮ್ಮ, ಕನ್ನಡಿ ಕಾಯಕದ ರೇಮಮ್ಮ, ನೂಲು ತೆಗೆಯುವ ಕದಿರಿನಿಂದ ಗುರುತಾದ ಕದಿರ ರೆಮ್ಮವ್ವೆ, ಕಟ್ಟಿಗೆಯ ಹೊರೆಯನ್ನು ಸೂಚಿಸುವ ಮೋಳಿಗೆಯ ಮಹಾದೇವಿ ಇವರನ್ನು ಲೋಕವು ಅವರ ಮನೆಯ ದುಡಿಮೆಯಿಂದ ಬಲ್ಲುದು. ಮಹಾದೇವಿಯರು ಇಬ್ಬರಿದ್ದಾಗ ಒಬ್ಬರು ಅಕ್ಕನಾದರು, ಇನ್ನೊಬ್ಬರು ಮೋಳಿಗೆಯವರಾದರು. ಉಡುತಡಿಯ ಮಹಾದೇವಿಯ ಹೆಸರಿನಲ್ಲಿ ತಂದೆಯ ಹೆಸರಿಲ್ಲ, ಕೌಶಿಕನ ಹೆಸರಂತೂ ಇಲ್ಲವೇ ಇಲ್ಲ. ಕಲ್ಯಾಣದ ಶರಣರು ಗೌರವದಿಂದ ಕೊಟ್ಟ 'ಅಕ್ಕ' ಎಂಬ ಒಂದೇ ಪದ ಎಂಟುನೂರು ವರ್ಷಗಳಿಂದ ಆ ಹೆಸರಿನ ಸಂಗಾತಿಯಾಗಿದೆ. ಹರಿಹರನು ರಗಳೆಯನ್ನು ರಚಿಸಿದಾಗಲೂ ಆಕೆ ಮಹಾದೇವಿಯಕ್ಕನೇ.

ಇಷ್ಟು ಹೆಸರಿನ ಮಾತಾಯಿತು. ಶರಣೆಯರ ವಚನಗಳಲ್ಲಿ ಇನ್ನೊಂದು ನಾಮಕರಣವೂ ಅಡಗಿದೆ. ಅದು ಅಂಕಿತ. ತೊಟ್ಟಿಲ ಹೆಸರನ್ನು ಇಡುವವರು ಹಿರಿಯರು. ಅಂಕಿತವನ್ನು ಆಯ್ದುಕೊಂಡವರು ಸ್ವತಃ ಶರಣೆಯರು. ಕರ್ನಾಟಕ ಸರ್ಕಾರವು 1993ರಲ್ಲಿ ಪ್ರಕಟಿಸಿದ ಸಮಗ್ರ ವಚನ ಸಾಹಿತ್ಯದ ಹದಿನೈದು ಸಂಪುಟಗಳಲ್ಲಿ ಐದನೆಯದು ಶರಣೆಯರ ವಚನಗಳಿಗೇ ಮೀಸಲಾಗಿದೆ. ಅದರಲ್ಲಿ ಅಂಕಿತಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಅನೇಕ ಅಂಕಿತಗಳಿಗೂ ಒಂದು ನಡುಹೆಸರಿರುವುದು ಗೋಚರವಾಗುತ್ತದೆ. ಶರಣೆಗೂ ಆಕೆಯ ಇಷ್ಟದೈವಕ್ಕೂ ನಡುವೆ ಒಬ್ಬ ವ್ಯಕ್ತಿ ನಿಂತಿರುತ್ತಾನೆ. ಆ ವ್ಯಕ್ತಿ ಯಾರೆಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ.

ಮೊದಲನೆಯ ಬಗೆಯಲ್ಲಿ ನಡುವೆ ನಿಲ್ಲುವವನು ಪತಿ. ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಹಡಪದ ಅಪ್ಪಣ್ಣನ ಪುಣ್ಯಸ್ತ್ರೀ ಲಿಂಗಮ್ಮನದು 'ಅಪ್ಪಣ್ಣಪ್ರಿಯ ಚೆನ್ನಬಸವಣ್ಣ'. ಎರಡನೆಯ ಬಗೆಯಲ್ಲಿ ಒಡಹುಟ್ಟಿದವನು. ಅಕ್ಕನಾಗಮ್ಮನು 'ಬಸವಣ್ಣಪ್ರಿಯ ಚೆನ್ನಸಂಗಯ್ಯ' ಎಂದು ತಮ್ಮನನ್ನು ನೆನೆದರೆ, ಮುಕ್ತಾಯಕ್ಕನು ತನಗೆ ಗುರುವೂ ಆದ ಅಣ್ಣ ಅಜಗಣ್ಣನನ್ನೇ ಅಂಕಿತವಾಗಿಸಿಕೊಂಡಳು. ಮೂರನೆಯ ಬಗೆಯಲ್ಲಿ ಆ ಸ್ಥಾನದಲ್ಲಿ ನಿಲ್ಲುವುದು ಶರಣೆಯ ಸ್ವಂತ ಹೆಸರು. ಗಂಗಾಂಬಿಕೆಯು ಬಸವಣ್ಣನವರ ಅಂಕಿತವಾದ ಕೂಡಲಸಂಗಮದೇವನನ್ನು ಸ್ವೀಕರಿಸಿದರೂ, ಅದರ ಮುಂದೆ ಇರಿಸಿದ್ದು ಬಸವಣ್ಣನವರ ಹೆಸರನ್ನಲ್ಲ. 'ಗಂಗಾಪ್ರಿಯ' ಎಂದು ತನ್ನ ಹೆಸರನ್ನೇ. ಕದಿರ ರೆಮ್ಮವ್ವೆಯೂ ತನ್ನ ಒಡೆಯನಾದ ಗುಮ್ಮೇಶ್ವರನನ್ನು ತನ್ನ ಹೆಸರಿನಿಂದಲೇ ಗುರುತಿಸಿದಳು. ನಾಲ್ಕನೆಯ ಬಗೆಯವರಿಗೆ ನಡುವೆ ಯಾರೂ ಇಲ್ಲ. ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನ, ಸತ್ಯಕ್ಕನ ಶಂಭುಜಕ್ಕೇಶ್ವರ, ಗೊಗ್ಗವ್ವೆಯ ನಾಸ್ತಿನಾಥ, ಬೊಂತಾದೇವಿಯ ಬಿಡಾಡಿ ಇವು ಈ ಬಗೆಯ ಅಂಕಿತಗಳು.

ಪತಿಯ ಹೆಸರನ್ನು ಧರಿಸಿದವರು ಅಧೀನರು, ಧರಿಸದವರು ಸ್ವತಂತ್ರರು ಎಂದು ಇದರಿಂದ ತೀರ್ಮಾನಿಸಿದರೆ ಅದು ಅವಸರದ ಮಾತಾದೀತು. 'ಮಾರಯ್ಯಪ್ರಿಯ' ಎಂದು ಗಂಡನ ಹೆಸರನ್ನು ಅಂಕಿತದಲ್ಲಿಟ್ಟುಕೊಂಡ ಲಕ್ಕಮ್ಮನೇ, ಆತನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಸುರಿದುಬರುವಂತೆ ವಿಧಿಸಿದವಳು. ಅಂಕಿತದಲ್ಲಿ ಹಿಂದೆ ನಿಂತವಳು ಆಚಾರದಲ್ಲಿ ಮುಂದೆ ನಿಂತು ದಾರಿ ತೋರಿದಳು. ಮೋಳಿಗೆ ಮಾರಯ್ಯನ ಅಂಕಿತ 'ನಿಃಕಳಂಕ ಮಲ್ಲಿಕಾರ್ಜುನ'ವಾದರೆ, ಮಹಾದೇವಿಯು ಅದಕ್ಕೆ 'ಇಮ್ಮಡಿ' ಎಂಬ ಪದವನ್ನು ಕೂಡಿಸಿದಳು. ಪತಿಗೆ ಅರಿವಿನ ಬೋಧೆ ಮಾಡಿದ ಶರಣೆಗೆ ಆ ಪದ ಎಷ್ಟು ಒಪ್ಪುವುದೆಂಬುದನ್ನು ವಿವರಿಸಬೇಕಾಗಿಲ್ಲ. ಪ್ರೀತಿಯಿಂದ ತಾನೇ ಆಯ್ದುಕೊಂಡ ನಡುಹೆಸರು ಹೊರೆಯಾಗುವುದಿಲ್ಲವೆಂಬುದಕ್ಕೆ ಇವರಿಬ್ಬರೂ ನಿದರ್ಶನ.

ನಡುಹೆಸರಿನ ಪ್ರಯೋಜನವನ್ನೂ ಅಲ್ಲಗಳೆಯುವಂತಿಲ್ಲ. ವಚನಕಾರ್ತಿಯರಲ್ಲಿ ಕಾಳವ್ವೆ ಎಂಬ ಹೆಸರಿನವರು ಮೂವರು: ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ, ಸಿದ್ಧಬುದ್ಧಯ್ಯನ ಪುಣ್ಯಸ್ತ್ರೀ, ಬಾಚಿಕಾಯಕದ ಬಸವಯ್ಯನ ಪುಣ್ಯಸ್ತ್ರೀ. ಹಸ್ತಪ್ರತಿಕಾರರು ಪತಿಯ ಹೆಸರನ್ನು ಜೊತೆಗೂಡಿಸಿ ಬರೆಯದೆ ಇದ್ದಿದ್ದರೆ, ಅಂಕಿತಗಳು ಬೇರೆಬೇರೆಯಾಗಿದ್ದರೂ ಈ ಮೂವರ ಬಾಳು ಒಂದರೊಳಗೊಂದು ಕಲಸಿಹೋಗುವ ಸಂಭವವಿತ್ತು. ಒಂದೇ ಹೆಸರಿನ ಹಲವರನ್ನು ಬೇರ್ಪಡಿಸಿ ಗುರುತಿಸುವುದು ನಡುಹೆಸರಿನ ನ್ಯಾಯವಾದ ಕೆಲಸ.

ಇದೇ ಪದ್ಧತಿಯ ಇನ್ನೊಂದು ಮುಖವು ಮನಸ್ಸನ್ನು ಕಲಕುತ್ತದೆ. ವಚನ ಸಂಪುಟದಲ್ಲಿ 'ಗಜೇಶ ಮಸಣಯ್ಯನ ಪುಣ್ಯಸ್ತ್ರೀ' ಎಂಬ ಒಬ್ಬ ಶರಣೆಯಿದ್ದಾಳೆ. ಆಕೆಯ ವಚನಗಳು ಉಳಿದಿವೆ. 'ಮಸಣಯ್ಯಪ್ರಿಯ ಗಜೇಶ್ವರ' ಎಂಬ ಅಂಕಿತವೂ ಉಳಿದಿದೆ. ಉಳಿಯದೆ ಹೋದದ್ದು ಆಕೆಯ ಹೆಸರು. ಒಂದು ಕಾಲದಲ್ಲಿ ಯಾವುದೋ ಊರಿನ ಯಾವುದೋ ತೊಟ್ಟಿಲಿನ ಬಳಿ ಹಿರಿಯರು ಆಕೆಗೂ ಒಂದು ಹೆಸರನ್ನು ಇಟ್ಟಿರಲೇಬೇಕು. ತಾಯಿ ಆ ಹೆಸರಿನಿಂದ ಎಷ್ಟೋ ಸಾರಿ ಕರೆದಿರಬೇಕು, ಓರಗೆಯವರು ಆ ಹೆಸರಿನಿಂದ ಆಟಕ್ಕೆ ಕೂಗಿರಬೇಕು. ಅಂಕಿತದಲ್ಲಿ ಪತಿಗೆ ಸ್ಥಾನವಿತ್ತ ಆಕೆಯ ಭಾವದಲ್ಲಿ ದೋಷವಿಲ್ಲ. ಲಕ್ಕಮ್ಮ, ಲಿಂಗಮ್ಮರೂ ಹಾಗೆಯೇ ಮಾಡಿದರು, ಅವರ ಹೆಸರು ಅಳಿಯಲಿಲ್ಲ. ದೋಷವಿರುವುದು ಹೆಸರನ್ನು ಬರೆದಿಡಬೇಕಾದ ಕೈಗಳ ಮರವೆಯಲ್ಲಿ. ಪತಿಯ ಹೆಸರೊಂದಿದ್ದರೆ ಗುರುತಿಗೆ ಸಾಕೆಂದು ಯಾವ ಪೀಳಿಗೆಯೋ ಎಣಿಸಿತು. ನಡುವಣ ಹೆಸರು ಮೊದಲ ಹೆಸರನ್ನು ನುಂಗಿಬಿಟ್ಟಿತು. ವಚನವು ಉಳಿದು ಹೆಸರು ಅಳಿದ ಈ ಶರಣೆಯು ಹೆಣ್ಣುಮಗುವಿಗೆ ಹೆಸರಿಡುವ ಪ್ರತಿಯೊಂದು ಮನೆಗೂ ಎಚ್ಚರಿಕೆಯಾಗಿ ನಿಂತಿದ್ದಾಳೆ.

ಈಚಿನ ವರ್ಷಗಳಲ್ಲಿ ಈ ಪ್ರಶ್ನೆಯು ನ್ಯಾಯಾಲಯದ ಮತ್ತು ಸರ್ಕಾರದ ಅಂಗಳಕ್ಕೂ ಬಂದಿದೆ. ಪತಿಯು ತೀರಿಕೊಂಡ ಬಳಿಕ ಸಹಜ ಪೋಷಕಳಾದ ತಾಯಿಗೆ ಮಗುವಿನ ಅಡ್ಡಹೆಸರನ್ನು ನಿರ್ಧರಿಸುವ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿತು. ಮೂರು ಅಂಗಗಳ ಹೆಸರಿನ ಪದ್ಧತಿಯಲ್ಲಿ ಉತ್ತರ ಕರ್ನಾಟಕಕ್ಕೆ ನೆರೆಯಾದ ಮಹಾರಾಷ್ಟ್ರದಲ್ಲಿ, 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಹೆಸರನ್ನು ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯಬೇಕೆಂದು ಆ ರಾಜ್ಯ ಸರ್ಕಾರವು ನಿರ್ಣಯಿಸಿತು. ವಿವಾಹಿತ ಸ್ತ್ರೀಯರ ಹೆಸರಿನೊಡನೆ ಪತಿಯ ಹೆಸರನ್ನು ಬರೆಯುವ ರೂಢಿಯನ್ನು ಮಾತ್ರ ಹಾಗೆಯೇ ಇರಿಸಲಾಯಿತು. ಹೊಸ ಕ್ರಮವೆಂದು ಇದನ್ನು ಕೆಲವರು ಅಚ್ಚರಿಯಿಂದ ಕಂಡರು. ಗೌತಮೀಪುತ್ರನ ಶಾಸನಗಳು ದೊರೆತ ನಾಸಿಕವು ಅದೇ ರಾಜ್ಯದಲ್ಲಿದೆ ಎಂಬುದನ್ನು ನೆನೆದರೆ, ಬಲು ಹಳೆಯದೊಂದು ರೂಢಿಯು ಬೇರೆ ರೂಪದಲ್ಲಿ ಮರಳಿತೆಂದೇ ಹೇಳಬೇಕಾಗುತ್ತದೆ. ಈ ಸಾರಿ ತಾಯಿಯ ಗೋತ್ರವಲ್ಲ, ತಾಯಿಯ ಸ್ವಂತ ಹೆಸರೇ ನಡುವೆ ನಿಂತಿತು; ಅದೂ ಗಂಡುಮಕ್ಕಳಿಗೆ ಮಾತ್ರವಲ್ಲ, ಹೆಣ್ಣುಮಕ್ಕಳಿಗೂ.

ಹಾಗಾದರೆ ಹೆಣ್ಣುಮಗುವಿನ ಹೆಸರಿಗೆ ಒಪ್ಪುವ ನಡುಹೆಸರು ಯಾವುದು? ಇತಿಹಾಸವು ಒಂದೇ ಉತ್ತರವನ್ನು ಕೊಡುವುದಿಲ್ಲ. ಆಯ್ಕೆಗೆ ಬೇಕಾದ ಅಳತೆಗೋಲುಗಳನ್ನು ಕೊಡುತ್ತದೆ. ಮೊದಲನೆಯದು ಶ್ರುತಿ. ಎರಡು ಪದಗಳನ್ನು ಕೂಡಿಸಿ ನಾಲ್ಕಾರು ಸಾರಿ ಗಟ್ಟಿಯಾಗಿ ಕರೆದು ನೋಡಿದರೆ ಸಂಧಿಯ ಸಹಜತೆ ತಾನಾಗಿ ತಿಳಿಯುತ್ತದೆ. ಮೊದಲ ಹೆಸರು ದೀರ್ಘವಾದರೆ ಎರಡನೆಯದು ಹ್ರಸ್ವವಾಗಿರುವುದು ಲೇಸು. ಗಿರಿಜೆಯ ಬೆನ್ನಿಗೆ ಪಾರ್ವತಿಯನ್ನು ಇಟ್ಟರೆ ಅರ್ಥದ ಪುನರುಕ್ತಿಯಾಗುತ್ತದೆ. ಎರಡನೆಯದು ಸಂಬಂಧ. ತಂದೆಯ ಹೆಸರಾಗಲಿ, ತಾಯಿಯ ಹೆಸರಾಗಲಿ, ಅಜ್ಜಿಯ ಅಥವಾ ಶರಣೆಯೊಬ್ಬಳ ಹೆಸರಾಗಲಿ, ಅದನ್ನು ಇಟ್ಟವರಿಗೆ ಏಕೆ ಇಟ್ಟೆವೆಂಬುದರ ಅರಿವಿರಬೇಕು. ಮಗಳು ಬೆಳೆದು ಕೇಳಿದಾಗ ಹೇಳುವಂತಿರಬೇಕು. ಅಕ್ಕನಾಗಮ್ಮನ ಅಂಕಿತದಲ್ಲಿ ಬಸವಣ್ಣ ಏಕಿದ್ದಾನೆ ಎಂಬುದಕ್ಕೆ ಆಕೆಯ ಇಡೀ ಬಾಳೇ ಉತ್ತರವಾಗಿರುವಂತೆ, ಪ್ರತಿಯೊಂದು ನಡುಹೆಸರಿಗೂ ಒಂದು ಕಥೆ ಇರುವುದು ಒಳಿತು. ಮೂರನೆಯದೂ ಮುಖ್ಯವಾದದ್ದೂ ಎಂದರೆ, ಅದು ಮೊದಲ ಹೆಸರಿಗೆ ನೆರಳಾಗಬೇಕೇ ವಿನಾ ಅದನ್ನು ಮರೆಮಾಡುವ ಗೋಡೆಯಾಗಬಾರದು.

ಮೂರು ಕಾಳವ್ವೆಯರನ್ನು ಬೇರೆಬೇರೆಯಾಗಿ ಗುರುತಿಸಲು ನೆರವಾದದ್ದೂ ಜೊತೆಯ ಹೆಸರೇ. ಮಸಣಯ್ಯನ ಪುಣ್ಯಸ್ತ್ರೀಯ ಹೆಸರು ಮರೆಯಾದದ್ದೂ ಜೊತೆಯ ಹೆಸರಿನ ಹಿಂದೆಯೇ. ಈ ಎರಡರ ನಡುವಣ ಅಂತರವನ್ನು ಅರಿತವರು ಜನನದ ದಾಖಲೆಯಲ್ಲಿ, ಶಾಲೆಯ ಪುಸ್ತಕದಲ್ಲಿ, ಹೊಲದ ಪಹಣಿಯಲ್ಲಿ, ಲಗ್ನಪತ್ರಿಕೆಯಲ್ಲಿ ಮಗಳ ಮೊದಲ ಹೆಸರನ್ನು ಪೂರ್ಣವಾಗಿ, ತಪ್ಪಿಲ್ಲದೆ, ಎಲ್ಲೆಡೆಯೂ ಒಂದೇ ರೀತಿಯಲ್ಲಿ ಬರೆಯಿಸುತ್ತಾರೆ. ನಡುವೆ ಯಾರ ಹೆಸರೇ ಬರಲಿ, ಸೋದರತ್ತೆ ಕಿವಿಯಲ್ಲಿ ಉಸುರಿದ ಆ ಒಂದು ಪದವು ಕೊನೆಯ ಪುಟದವರೆಗೂ ಅಳಿಯದೆ ಉಳಿದರೆ ನಾಮಕರಣವು ಸಾರ್ಥಕವಾದಂತೆ.